ನಿರ್ಧಾರ ಎಷ್ಟು ದೂರದಲ್ಲಿದೆ?

(ಸಾರ್ವಜನಿಕ ಆರೋಗ್ಯ ಓದುತ್ತಿರುವ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಹಲವರು ಮುಂದೆ ಯಾವುದಾದರೂ ಅಂತರರಾಷ್ಟ್ರೀಯ ಆರೋಗ್ಯ ಸಂಸ್ಥೆ ಸೇರಬೇಕು ಅಂತ ಯೋಚಿಸುತ್ತಿದ್ದೀರಿ ಎಂದು ಕೇಳಿದೆ. ಅರ್ಜಿ ಬರೆಯುವುದು ಹೇಗೆ, ಸಂದರ್ಶನ ಎದುರಿಸುವುದು ಹೇಗೆ ಅನ್ನುವುದನ್ನು ಹೇಳಲು ಬೇರೆಯವರಿದ್ದಾರೆ. ನಾನು ಸೇರಿದ ಮೇಲಿನ ಕಥೆ ಹೇಳುತ್ತೇನೆ. ನೀವು ಸೇರುವ ಸಂಸ್ಥೆ ಒಂದು, ಹತ್ತು ವರ್ಷ ಕಳೆದ ಮೇಲೆ ನೀವು ಇರುವ ಸಂಸ್ಥೆ ಇನ್ನೊಂದು. ಹೆಸರು ಅದೇ ಇರುತ್ತದೆ, ಲಾಂಛನವೂ ಅದೇ. ಆದರೆ ಕೆಲಸ ಬದಲಾಗಿರುತ್ತದೆ, ಪಕ್ಕದಲ್ಲಿ ಕೂರುವ ಜನ ಬದಲಾಗಿರುತ್ತಾರೆ, ಹಣ ಬರುವ ದಾರಿಯೇ ಬೇರೆಯಾಗಿರುತ್ತದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ನಾನು ಔಷಧ ಸರಬರಾಜಿನವಳು. ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಔಷಧದ ಸ್ಟೋರಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದವಳು. ಆಮೇಲೆ ಅದೇ ಸಂಸ್ಥೆ ನನ್ನನ್ನು ಬೇರೆ ಬೇರೆ ದೇಶಗಳಿಗೆ ಕಳಿಸಿತು. ಸ್ಟೋರಿನ ಬಾಗಿಲಲ್ಲಿ ನಿಂತರೆ ಒಂದು ಅನುಕೂಲ ಇದೆ. ಒಂದು ಕಡೆ ಮುಖ್ಯ ಕಚೇರಿಯಿಂದ ಬರುವ ಪೆಟ್ಟಿಗೆಗಳು ಕಾಣುತ್ತವೆ, ಇನ್ನೊಂದು ಕಡೆ ಔಷಧಕ್ಕೆ ಕಾದು ನಿಂತ ವಾರ್ಡು ಕಾಣುತ್ತದೆ. ಅಲ್ಲಿ ನಿಂತು ನೋಡುತ್ತಾ ನೋಡುತ್ತಾ ನನಗೆ ಒಂದು ಅಭ್ಯಾಸ ಬಂತು. ಸಂಸ್ಥೆಯಲ್ಲಿ ಏನೇ ಹೊಸದು ಬಂದರೂ ಒಂದೇ ಪ್ರಶ್ನೆ ಹಾಕಿಕೊಳ್ಳುತ್ತೇನೆ. ಇದರಿಂದ ರೋಗಿಯ ವಿಷಯದ ನಿರ್ಧಾರ ರೋಗಿಗೆ ಹತ್ತಿರ ಬಂತಾ, ದೂರ ಹೋಯಿತಾ? ಇವತ್ತು ನಾನು ಹೇಳುವುದೆಲ್ಲ ಈ ಪ್ರಶ್ನೆಯ ಸುತ್ತವೇ.

ಮೊದಲು ಸ್ವಲ್ಪ ಇತಿಹಾಸ. ಎಂಎಸ್‌ಎಫ್ ಹೆಸರು ನೀವೆಲ್ಲ ಕೇಳಿದ್ದೀರಿ, ಡಾಕ್ಟರ್ಸ್ ವಿತೌಟ್ ಬಾರ್ಡರ್ಸ್ ಅಂತಲೂ ಕರೆಯುತ್ತಾರೆ. ನಾನು ಅಲ್ಲಿ ಕೆಲಸ ಮಾಡಿದವಳಲ್ಲ. ಆದರೆ ಈ ಕ್ಷೇತ್ರ ಹೇಗೆ ಬದಲಾಯಿತು ಅನ್ನುವುದು ಅವರ ಕಥೆಯಲ್ಲಿ ಚೆನ್ನಾಗಿ ಕಾಣುತ್ತದೆ. 1967ರಿಂದ 1970ರವರೆಗೆ ನೈಜೀರಿಯಾದಲ್ಲಿ ಬಿಯಾಫ್ರಾ ಯುದ್ಧ ನಡೆಯಿತು. ರೆಡ್ ಕ್ರಾಸ್ ಜೊತೆ ಅಲ್ಲಿಗೆ ಹೋಗಿದ್ದ ಕೆಲವು ಫ್ರೆಂಚ್ ವೈದ್ಯರಿಗೆ, ಕಣ್ಣೆದುರು ಜನ ಹಸಿವಿನಿಂದ ಸಾಯುತ್ತಿರುವಾಗ ಬಾಯಿ ಮುಚ್ಚಿಕೊಂಡು ಕೆಲಸ ಮಾಡುವುದು ಸಹಿಸಲಾಗಲಿಲ್ಲ. ಅಂಥ ವೈದ್ಯರೂ ಕೆಲವು ಪತ್ರಕರ್ತರೂ ಸೇರಿ 1971ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಈ ಸಂಸ್ಥೆ ಕಟ್ಟಿದರು. ಆಗ ಹಣ ಕಡಿಮೆ, ಸಾಮಾನು ಕಡಿಮೆ, ಹುಮ್ಮಸ್ಸು ಜಾಸ್ತಿ.

ಹತ್ತು ವರ್ಷ ಆಗುವ ಮೊದಲೇ ಜಗಳ ಬಂತು. ವಿಯೆಟ್ನಾಂನಿಂದ ಜನ ದೋಣಿಗಳಲ್ಲಿ ಸಮುದ್ರಕ್ಕೆ ಇಳಿದು ತಪ್ಪಿಸಿಕೊಳ್ಳುತ್ತಿದ್ದ ಕಾಲ ಅದು. ಒಂದು ಹಡಗು ಗೊತ್ತು ಮಾಡಿಕೊಂಡು ಅವರ ನೆರವಿಗೆ ಹೋಗೋಣ ಅಂತ ಸ್ಥಾಪಕರಲ್ಲಿ ಒಬ್ಬರಾದ ಬರ್ನಾರ್ಡ್ ಕುಶ್ನೇರ್ ಮತ್ತು ಅವರ ಜೊತೆಗಾರರು ಹೊರಟರು. ಹೀಗೆ ಹೋದರೆ ಸಾಲದು, ವ್ಯವಸ್ಥೆ ಬೇಕು, ತಯಾರಿ ಬೇಕು ಅಂತ ಒಳಗಿನ ಕಿರಿಯರು ವಾದಿಸಿದರು. 1979ರಲ್ಲಿ ಸಂಸ್ಥೆ ಒಡೆಯಿತು. ಕುಶ್ನೇರ್ ಹೊರಗೆ ಬಂದು 1980ರಲ್ಲಿ ಮೆದ್ಸಾಂ ದು ಮೋಂದ್ ಅನ್ನುವ ಬೇರೆ ಸಂಸ್ಥೆ ಕಟ್ಟಿದರು. ನಾನು ಸರಬರಾಜಿನವಳು, ಹಾಗಾಗಿ ತಯಾರಿಯ ಪರ ಇದ್ದೇನೆ ಅಂತ ನೀವು ಅಂದುಕೊಳ್ಳಬಹುದು. ಇದ್ದೇನೆ, ನಿಜ. ಆದರೆ ಹಡಗು ಕಳಿಸೋಣ ಅಂದವರ ಮಾತಿನಲ್ಲೂ ಸತ್ಯ ಇತ್ತು. ಸಮುದ್ರದ ಮಧ್ಯೆ ಇರುವವರಿಗೆ ನಮ್ಮ ಯೋಜನೆ ತಯಾರಾಗುವವರೆಗೆ ಸಮಯ ಇರುವುದಿಲ್ಲ. ಈ ಎರಡು ಮಾತುಗಳ ನಡುವಿನ ಎಳೆದಾಟ ಇವತ್ತಿಗೂ ಪ್ರತಿ ಸಂಸ್ಥೆಯ ಪ್ರತಿ ಮೀಟಿಂಗ್‌ನಲ್ಲೂ ನಡೆಯುತ್ತಿದೆ.

ಎಂಬತ್ತರ ದಶಕದಲ್ಲಿ ತಯಾರಿಯವರ ಕೈ ಮೇಲಾಯಿತು. ಆ ಕಾಲದ ದೊಡ್ಡ ಕೊಡುಗೆ ಅಂದರೆ ಕಿಟ್. ಹೊರಗಿನಿಂದ ನೋಡಿದರೆ ಒಂದು ಪೆಟ್ಟಿಗೆ, ಅಷ್ಟೇ. ಆದರೆ ಅದರ ಹಿಂದೆ ಇರುವ ಯೋಚನೆ ನೋಡಿ. ಕಾಲರಾ ಬಂದಾಗ ಏನೇನು ಬೇಕು ಅಂತ ಕಾಲರಾ ಬಂದ ಮೇಲೆ ಪಟ್ಟಿ ಮಾಡುತ್ತಾ ಕೂತರೆ ಜನ ಸಾಯುತ್ತಾರೆ. ಆ ಪಟ್ಟಿಯನ್ನು ಮೊದಲೇ ಮಾಡಿ, ಸಾಮಾನು ತುಂಬಿ, ಸೀಲ್ ಮಾಡಿ ಇಟ್ಟರೆ? ವಿಶ್ವ ಆರೋಗ್ಯ ಸಂಸ್ಥೆ ಮತ್ತು ಇತರ ಸಂಸ್ಥೆಗಳು ಒಪ್ಪಿಕೊಂಡ ತುರ್ತು ಆರೋಗ್ಯ ಕಿಟ್ ಹತ್ತು ಸಾವಿರ ಜನರಿಗೆ ಸುಮಾರು ಮೂರು ತಿಂಗಳಿಗೆ ಆಗುವಷ್ಟು ಇರುತ್ತದೆ. ಅದರೊಳಗೆ ಸಾವಿರ ಜನರಿಗೊಂದರಂತೆ ಹತ್ತು ಮೂಲ ಘಟಕಗಳು. ಮೂಲ ಘಟಕದಲ್ಲಿ ಇಂಜೆಕ್ಷನ್ ಇರುವುದಿಲ್ಲ. ಕಡಿಮೆ ತರಬೇತಿ ಇರುವ ಆರೋಗ್ಯ ಕಾರ್ಯಕರ್ತರೂ ಧೈರ್ಯವಾಗಿ ಬಳಸಲಿ ಅಂತ ಹಾಗೆ ಮಾಡಿದ್ದಾರೆ. ಡಾಕ್ಟರ್ ಬರುವವರೆಗೆ ಕಾಯಬೇಕಾಗಿಲ್ಲ. ಕಿಟ್ ತೆರೆದವರೇ ಕೆಲಸ ಶುರು ಮಾಡಬಹುದು. ಅಂದರೆ ದೂರದ ಕಚೇರಿ ತನ್ನ ಬುದ್ಧಿಯನ್ನೆಲ್ಲ ಮೊದಲೇ ಖರ್ಚು ಮಾಡಿ, ಆಮೇಲೆ ಪಕ್ಕಕ್ಕೆ ಸರಿದು ನಿಂತಿದೆ. ಇದು ನನಗೆ ತುಂಬಾ ಇಷ್ಟವಾದ ಬದಲಾವಣೆ.

ಇನ್ನೊಂದು ಸಣ್ಣ ವಸ್ತುವಿನ ಬಗ್ಗೆ ಹೇಳಲೇಬೇಕು. ಲಸಿಕೆಯ ಸೀಸೆಯ ಮೇಲೆ ಅಂಟಿಸಿರುವ ಒಂದು ಗುರುತು. ಒಂದು ವೃತ್ತ, ಅದರೊಳಗೆ ಒಂದು ಚೌಕ. ಹೊಸ ಸೀಸೆಯಲ್ಲಿ ಚೌಕ ತಿಳಿ ಬಣ್ಣದ್ದು, ಸುತ್ತಲಿನ ವೃತ್ತ ಗಾಢ. ಸೀಸೆಗೆ ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತಾ ಹೋಗುತ್ತದೆ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ, ಅವಧಿ ಮುಗಿದಿರದಿದ್ದರೆ, ಲಸಿಕೆ ಕೊಡಬಹುದು. ಎರಡರ ಬಣ್ಣ ಒಂದೇ ಆಯಿತೋ, ಕೊಡುವಂತಿಲ್ಲ. ಇದನ್ನು ವ್ಯಾಕ್ಸೀನ್ ವಯಲ್ ಮಾನಿಟರ್ ಅನ್ನುತ್ತಾರೆ, ಕೆಲಸದ ಜಾಗದಲ್ಲಿ ಎಲ್ಲರೂ ವಿವಿಎಂ ಅಂತಾರೆ. 1996ರಲ್ಲಿ ಪೋಲಿಯೊ ಹನಿಯ ಸೀಸೆಗಳ ಮೇಲೆ ಮೊದಲು ಬಂತು. ಇದನ್ನು ತರುವುದಕ್ಕೆ ಪಾತ್ ಅನ್ನುವ ಸಂಸ್ಥೆ ವರ್ಷಗಟ್ಟಲೆ ದುಡಿಯಿತು. ಪಾತ್ 1977ರಲ್ಲಿ ಶುರುವಾದಾಗ ಗರ್ಭನಿರೋಧಕಗಳ ಮೇಲೆ ಕೆಲಸ ಮಾಡುತ್ತಿತ್ತು. ನೋಡಿ, ಅವರೂ ಎಷ್ಟು ಬದಲಾದರು!

ವಿವಿಎಂ ಇಲ್ಲದಾಗ ಹೇಗಿತ್ತು ಅಂದರೆ, ರಾತ್ರಿ ಕರೆಂಟ್ ಹೋಗಿ ಫ್ರಿಜ್ ನಿಂತಿದೆ ಅಂದುಕೊಳ್ಳಿ. ಬೆಳಿಗ್ಗೆ ಲಸಿಕೆ ಹಾಕುವವರು ಬಂದು ನೋಡುತ್ತಾರೆ. ಸೀಸೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಎರಡೇ ದಾರಿ. ಎಲ್ಲವನ್ನೂ ಎಸೆಯುವುದು, ಇಲ್ಲ ಜಿಲ್ಲೆಗೆ ಕೇಳಿ ಉತ್ತರಕ್ಕೆ ಕಾಯುವುದು. ಜಿಲ್ಲೆಯವರು ರಾಜಧಾನಿಗೆ ಕೇಳುತ್ತಾರೆ. ಹೊರಗೆ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ನಿಂತಿರುತ್ತಾರೆ. ವಿವಿಎಂ ಬಂದ ಮೇಲೆ ಅದೇ ಲಸಿಕೆ ಹಾಕುವವರು ಸೀಸೆ ಎತ್ತಿ ಬೆಳಕಿಗೆ ಹಿಡಿದು ನೋಡಿ ತಾವೇ ಹೇಳುತ್ತಾರೆ, ಇದು ಆಗುತ್ತೆ, ಇದು ಆಗಲ್ಲ. ನಾನು ತರಬೇತಿ ಕೊಡುತ್ತಿದ್ದಾಗ ಓದು ಬರಹ ಅಷ್ಟಾಗಿ ಇಲ್ಲದವರೂ ಇದನ್ನು ಕೆಲವೇ ನಿಮಿಷಗಳಲ್ಲಿ ಕಲಿಯುತ್ತಿದ್ದರು. ಕಲಿತ ಮೇಲೆ ಅವರು ನಿಲ್ಲುವ ರೀತಿಯೇ ಬದಲಾಗುತ್ತಿತ್ತು. ಮೊದಲು ಕೊಟ್ಟಿದ್ದನ್ನು ಹಾಕುವವರು, ಈಗ ಪರೀಕ್ಷೆ ಮಾಡಿ ಒಪ್ಪುವವರು.

ಇದೇ ದಾರಿಯಲ್ಲಿ ಮುಂದೆ ಹೋದದ್ದು ಮೆನಿಂಜೈಟಿಸ್, ಅಂದರೆ ಮೆದುಳಿನ ಹೊದಿಕೆಗೆ ತಗಲುವ ಸೋಂಕಿನ ಲಸಿಕೆ. 1996 ಮತ್ತು 97ರಲ್ಲಿ ಆಫ್ರಿಕಾದಲ್ಲಿ ಈ ರೋಗ ಹರಡಿ ಸುಮಾರು 25,000 ಜನ ಸತ್ತರು. ಅದಕ್ಕೆ ಬೇಕಾದ ಲಸಿಕೆ ತಯಾರಿಸಿ ಲಾಭ ಮಾಡಿಕೊಳ್ಳುವಂಥ ಮಾರುಕಟ್ಟೆ ಅಲ್ಲಿರಲಿಲ್ಲ. ಪಾತ್ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ, ಆಫ್ರಿಕಾದ ದೇಶಗಳು ಎಷ್ಟು ಬೆಲೆ ಕೊಡಬಲ್ಲವು ಅಂತ ಮೊದಲು ಕೇಳಿದವು. ಲಸಿಕೆ ಆಮೇಲೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಒಂದು ಡೋಸ್ ಅರ್ಧ ಡಾಲರ್‌ಗಿಂತ ಕಡಿಮೆಗೆ ತಯಾರಿಸಿತು. 2010ರ ಡಿಸೆಂಬರ್‌ನಲ್ಲಿ ಬುರ್ಕಿನಾ ಫಾಸೊದಲ್ಲಿ ದೊಡ್ಡ ಮಟ್ಟದಲ್ಲಿ ಶುರುವಾಯಿತು. 2012ರಲ್ಲಿ ಇನ್ನೊಂದು ಒಪ್ಪಿಗೆ ಸಿಕ್ಕಿತು. ಈ ಲಸಿಕೆಯನ್ನು 40 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಯಲ್ಲಿ ನಾಲ್ಕು ದಿನದವರೆಗೆ ಇಟ್ಟುಕೊಳ್ಳಬಹುದು. ಐಸ್ ಇಲ್ಲದ ಊರಿಗೆ ಐಸ್ ಹೊತ್ತುಕೊಂಡು ಹೋಗುವ ಕಷ್ಟ ನೋಡಿದವರಿಗೆ ಈ ನಾಲ್ಕು ದಿನದ ಬೆಲೆ ಗೊತ್ತು.

ಈಗ ಎಚ್‌ಐವಿ. ಇದು ಈ ಸಂಸ್ಥೆಗಳನ್ನು ಬುಡಸಮೇತ ಬದಲಾಯಿಸಿತು. ಅಲ್ಲಿಯವರೆಗೆ ನಮ್ಮ ಕೆಲಸದ ರೀತಿ ಅಂದರೆ ಹೋಗುವುದು, ರೋಗ ತಡೆಯುವುದು, ವಾಪಸ್ ಬರುವುದು. ಎಚ್‌ಐವಿ ಇರುವವರು ಬದುಕಿರುವವರೆಗೆ ದಿನಾ ಮಾತ್ರೆ ನುಂಗಬೇಕು. ಅವರನ್ನು ಬಿಟ್ಟು ಬರುವುದು ಹೇಗೆ? ಮೊದಲು ಬೆಲೆಯೇ ದೊಡ್ಡ ಗೋಡೆ ಆಗಿತ್ತು. 2000ದ ಸುಮಾರಿಗೆ ಒಬ್ಬ ರೋಗಿಗೆ ಬೇಕಾದ ಮೂರು ಔಷಧಗಳಿಗೆ ವರ್ಷಕ್ಕೆ 10,000 ಡಾಲರ್‌ಗೂ ಜಾಸ್ತಿ ಆಗುತ್ತಿತ್ತು. 2001ರ ಫೆಬ್ರವರಿಯಲ್ಲಿ ಸಿಪ್ಲಾ ಕಂಪನಿ ಎಂಎಸ್‌ಎಫ್‌ಗೆ ಅದೇ ಮೂರು ಔಷಧಗಳನ್ನು ವರ್ಷಕ್ಕೆ 350 ಡಾಲರ್‌ಗೆ ಕೊಡುತ್ತೇನೆ ಅಂದಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಖಯೆಲಿಶಾದಲ್ಲಿ ಚಿಕಿತ್ಸೆ ಶುರುವಾಯಿತು. ಬಡವರು ಸಮಯಕ್ಕೆ ಸರಿಯಾಗಿ ಮಾತ್ರೆ ತಗೊಳ್ಳುತ್ತಾರಾ ಅಂತ ಅನುಮಾನ ಪಟ್ಟವರು ಆಗ ದೊಡ್ಡ ದೊಡ್ಡ ಜಾಗಗಳಲ್ಲೇ ಇದ್ದರು. ತಗೊಂಡರು, ಬದುಕಿದರು. ಆ ಅನುಮಾನ ಎಷ್ಟು ಅನ್ಯಾಯದ್ದು ಅನ್ನುವುದನ್ನು ನೀವು ಮರೆಯಬಾರದು.

ರೋಗಿಗಳು ಬದುಕಿದ್ದರಿಂದಲೇ ಮುಂದಿನ ತೊಂದರೆ ಬಂತು. ಪ್ರತಿ ತಿಂಗಳು ಮಾತ್ರೆಗಾಗಿ ಕ್ಲಿನಿಕ್‌ಗೆ ಬರುವವರ ಸಾಲು ಬೆಳೆಯುತ್ತಾ ಹೋಯಿತು. ಬಸ್ ಖರ್ಚು, ಕೂಲಿ ನಷ್ಟ. ಹುಷಾರಾಗಿರುವವರು ಹುಷಾರಿಲ್ಲದವರ ಜೊತೆ ದಿನವಿಡೀ ಕಾಯಬೇಕು. 2008ರಲ್ಲಿ ಮೊಜಾಂಬಿಕ್‌ನ ತೇತೆ ಪ್ರಾಂತ್ಯದಲ್ಲಿ ಒಂದು ಸರಳ ಉಪಾಯ ಮಾಡಿದರು. ಒಂದೇ ಕಡೆಯ ಆರು ಜನ ರೋಗಿಗಳು ಸೇರಿ ಒಂದು ಗುಂಪು. ಪ್ರತಿ ತಿಂಗಳು ಒಬ್ಬರು ಕ್ಲಿನಿಕ್‌ಗೆ ಹೋಗುತ್ತಾರೆ. ತಮ್ಮ ತಪಾಸಣೆ ಮಾಡಿಸಿಕೊಳ್ಳುತ್ತಾರೆ, ಉಳಿದ ಐವರ ಮಾತ್ರೆಯನ್ನೂ ತರುತ್ತಾರೆ. ಹೊರಡುವ ಮೊದಲು ಗುಂಪು ಸೇರಿ ಯಾರು ಹೇಗಿದ್ದಾರೆ, ಯಾರ ಮಾತ್ರೆ ಎಷ್ಟು ಉಳಿದಿದೆ ಅಂತ ಎಣಿಸಿ ಬರೆಯುತ್ತಾರೆ. ಹೀಗೆ ಪ್ರತಿಯೊಬ್ಬರೂ ಆರು ತಿಂಗಳಿಗೊಮ್ಮೆ ಕ್ಲಿನಿಕ್ ಕಂಡರೆ ಸಾಕು.

ಇದನ್ನು ಮೊದಲು ಕೇಳಿದಾಗ ನನಗೆ ಸ್ಟೋರಿನವಳ ಭಯ ಬಂತು. ಮಾತ್ರೆಗೆ ಯಾರು ಜವಾಬ್ದಾರಿ? ಲೆಕ್ಕ ತಪ್ಪಿದರೆ? ಆದರೆ ಯೋಚಿಸಿ ನೋಡಿ. ಈ ಆರು ಜನ ಒಬ್ಬರನ್ನೊಬ್ಬರು ದಿನಾ ನೋಡುವವರು. ಯಾರು ಸೊರಗುತ್ತಿದ್ದಾರೆ, ಯಾರು ಮನೆಯಲ್ಲಿ ಹೇಳದೆ ಮಾತ್ರೆ ಬಚ್ಚಿಟ್ಟು ನುಂಗುತ್ತಿದ್ದಾರೆ ಅನ್ನುವುದು ಅವರಿಗೆ ಗೊತ್ತಿರುತ್ತದೆ. ನಮ್ಮ ಯಾವ ಕಾರ್ಡಿನಲ್ಲೂ ಅದಕ್ಕೊಂದು ಕಾಲಂ ಇಲ್ಲ. ಈ ಕ್ರಮ ಆಮೇಲೆ ಬೇರೆ ದೇಶಗಳಿಗೂ ಹೋಯಿತು.

ಅಪೌಷ್ಟಿಕತೆಯಲ್ಲೂ ಹೀಗೇ ಆಯಿತು. ಮಗುವಿನ ತೋಳಿಗೆ ಸುತ್ತುವ ಮೂರು ಬಣ್ಣದ ಪಟ್ಟಿ ನೀವು ನೋಡಿರುತ್ತೀರಿ. ಸುತ್ತಳತೆ 115 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಕೆಂಪು, ತೀವ್ರ ಅಪೌಷ್ಟಿಕತೆ. ಇದನ್ನು ಅಳೆಯುವುದು ಆರೋಗ್ಯ ಕಾರ್ಯಕರ್ತರ ಕೆಲಸ ಅಂತ ಬಹಳ ಕಾಲ ಅಂದುಕೊಂಡಿದ್ದೆವು. ಅಲಿಮಾ ಅನ್ನುವ ಸಂಸ್ಥೆ 2009ರಲ್ಲಿ ಹುಟ್ಟಿದ್ದು. ಅವರು ನೈಜರ್ ದೇಶದಲ್ಲಿ ಪಟ್ಟಿಯನ್ನು ತಾಯಂದಿರ ಕೈಗೇ ಕೊಟ್ಟು ಪರೀಕ್ಷಿಸಿದರು. ತಾಯಂದಿರು ಕಾರ್ಯಕರ್ತರಿಗೆ ಏನೂ ಕಡಿಮೆ ಇಲ್ಲದಂತೆ ಅಳೆದರು. ಅವರ ಮಕ್ಕಳು ಚಿಕಿತ್ಸೆಗೆ ಬೇಗ ಬಂದವು, ಆಸ್ಪತ್ರೆಯಲ್ಲಿ ಮಲಗಿಸುವ ಸ್ಥಿತಿ ಮುಟ್ಟಿದ ಮಕ್ಕಳು ಕಡಿಮೆ. ಎಷ್ಟು ಸಹಜ ಅಲ್ವಾ? ಮಗುವನ್ನು ದಿನಾ ಎತ್ತಿಕೊಳ್ಳುವವರ ಕೈಗೆ ಪಟ್ಟಿ ಕೊಡಲು ನಮಗೆ ಅಷ್ಟು ವರ್ಷ ಬೇಕಾಯಿತು.

ಇಲ್ಲಿಯವರೆಗೆ ಹತ್ತಿರ ಬಂದ ನಿರ್ಧಾರಗಳ ಬಗ್ಗೆ ಹೇಳಿದೆ. ದೂರ ಹೋದವೂ ಇವೆ, ಅವುಗಳ ಬಗ್ಗೆ ಸುಮ್ನಿರುವುದು ಸರಿಯಲ್ಲ.

2000ದಲ್ಲಿ ಲಸಿಕೆಗಳಿಗಾಗಿ ಗಾವಿ, 2002ರಲ್ಲಿ ಏಡ್ಸ್, ಕ್ಷಯ, ಮಲೇರಿಯಾಗಳಿಗಾಗಿ ಗ್ಲೋಬಲ್ ಫಂಡ್, 2003ರಲ್ಲಿ ಎಚ್‌ಐವಿಗಾಗಿ ಅಮೆರಿಕದ ಪೆಪ್‌ಫಾರ್, ಹೀಗೆ ದೊಡ್ಡ ಹಣದ ಕಾರ್ಯಕ್ರಮಗಳು ಬಂದವು. ಈ ಮೂರೂ ಕೋಟ್ಯಂತರ ಜನರ ಜೀವ ಉಳಿಸಿದವು. ಇದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ದೊಡ್ಡ ಹಣದ ಜೊತೆ ಷರತ್ತೂ ಬರುತ್ತದೆ. ಈ ಹಣ ಇಂಥ ರೋಗಕ್ಕೆ, ಇಂಥ ಜಿಲ್ಲೆಗೆ, ಇಷ್ಟು ತಿಂಗಳಿಗೆ. ನಾನು ಕೆಲಸ ಮಾಡಿದ ಒಂದು ಸ್ಟೋರಿನಲ್ಲಿ ಪೆಟ್ಟಿಗೆಗಳ ಮೇಲೆ ಬೇರೆ ಬೇರೆ ಬಣ್ಣದ ಸ್ಟಿಕರ್ ಇರುತ್ತಿದ್ದವು, ಒಬ್ಬೊಬ್ಬ ದಾನಿಗೆ ಒಂದೊಂದು ಬಣ್ಣ. ಒಂದು ಮಳೆಗಾಲದಲ್ಲಿ ಮಲೇರಿಯಾ ಏರಿತು. ಮಕ್ಕಳ ವಾರ್ಡಿಗೆ ಮೀಸಲಾದ ಔಷಧ ಖಾಲಿ ಆಯಿತು. ಅದೇ ಔಷಧ, ಅದೇ ತಯಾರಕರದ್ದು, ಎರಡು ಕಪಾಟು ಆಚೆ ಇತ್ತು. ಆದರೆ ಅದರ ಸ್ಟಿಕರ್ ಬೇರೆ ಬಣ್ಣದ್ದು, ಬೇರೆ ಕಾರ್ಯಕ್ರಮಕ್ಕೆ ಸೇರಿದ್ದು. ಅದನ್ನು ಈ ವಾರ್ಡಿಗೆ ಕೊಡಲು ಎರಡು ಖಂಡಗಳಿಂದ ಇಮೇಲ್ ಒಪ್ಪಿಗೆ ಬೇಕು ಅಂತ ನಮ್ಮ ಕಾರ್ಯಕ್ರಮ ಕಚೇರಿ ಹೇಳಿತು. ವಾರ್ಡಿನ ಹಿರಿಯ ನರ್ಸ್ ಸ್ಟೋರಿಗೆ ಬಂದು ಆ ಪೆಟ್ಟಿಗೆಯ ಮುಂದೆ ನಿಂತರು. ಒಂದು ಮಾತೂ ಆಡಲಿಲ್ಲ. ಒಪ್ಪಿಗೆ ಬರುವ ಮೊದಲೇ ನಾವು ಪೆಟ್ಟಿಗೆ ತೆರೆದೆವು, ಕಾಗದ ಆಮೇಲೆ ಸರಿ ಮಾಡಿದೆವು. ಇಂದಿಗೂ ಹಾಗೆಯೇ ಮಾಡುತ್ತೇನೆ.

ಇದರಿಂದ ಕಾಗದವೇ ಬೇಡ ಅಂತ ಅರ್ಥ ಮಾಡಿಕೊಳ್ಳಬೇಡಿ. ಸ್ಟಾಕ್ ಕಾರ್ಡ್ ಬರೆಯದ ಸ್ಟೋರಿನಲ್ಲಿ ರೋಗಿಗಳು ಸಾಯುತ್ತಾರೆ, ನಾನು ಇದನ್ನು ಗಟ್ಟಿಯಾಗಿ ನಂಬುತ್ತೇನೆ. ತಿಂಗಳಿಗೆ ಎಷ್ಟು ಖರ್ಚಾಯಿತು, ಎಷ್ಟು ದಿನ ಖಾಲಿ ಇತ್ತು, ಆರ್ಡರ್ ಹಾಕಿದ ಮೇಲೆ ಬರಲು ಎಷ್ಟು ತಿಂಗಳು ಬೇಕು. ಈ ಮೂರು ಸಂಖ್ಯೆ ಗೊತ್ತಿಲ್ಲದೆ ಸರಿಯಾದ ಆರ್ಡರ್ ಹಾಕಲು ಆಗುವುದಿಲ್ಲ. ನನ್ನ ಮಾತು ಏನೆಂದರೆ, ಬರೆದವರಿಗೇ ಉಪಯೋಗಕ್ಕೆ ಬರುವ ಕಾಗದ ಬೇರೆ, ಮೇಲಿನವರಿಗೆ ತೋರಿಸಲು ಮಾತ್ರ ಬರೆಯುವ ಕಾಗದ ಬೇರೆ. ಸಂಸ್ಥೆ ಬೆಳೆದಂತೆ ಎರಡನೆಯದು ಬೆಳೆಯುತ್ತದೆ. ಎಂಎಸ್‌ಎಫ್ ತನ್ನ ಹಣದ ಬಹುಪಾಲನ್ನು, ನೂರಕ್ಕೆ ತೊಂಬತ್ತೈದಕ್ಕಿಂತ ಜಾಸ್ತಿ, ಸಾಮಾನ್ಯ ಜನರಿಂದ ಮತ್ತು ಖಾಸಗಿ ದಾನಿಗಳಿಂದ ಪಡೆಯುತ್ತದೆ. ಹಾಗಾಗಿಯೇ 2016ರಲ್ಲಿ ಯುರೋಪಿನ ನಿರಾಶ್ರಿತರ ನೀತಿಯನ್ನು ವಿರೋಧಿಸಿ ಐರೋಪ್ಯ ಒಕ್ಕೂಟದ ಹಣ ಬೇಡ ಅನ್ನಲು ಅದಕ್ಕೆ ಆಯಿತು. ಎಲ್ಲ ಸಂಸ್ಥೆಗಳಿಗೂ ಆ ಸ್ವಾತಂತ್ರ್ಯ ಇಲ್ಲ.

ಹೀಗೆ ಬೇಡ ಅಂತ ಹೇಳಬಲ್ಲ ಶಕ್ತಿ ಇರುವ ಸಂಸ್ಥೆ ಏನು ಮಾಡಬಹುದು ಅನ್ನುವುದಕ್ಕೆ ನಿದ್ರಾರೋಗದ ಔಷಧ ಒಳ್ಳೆಯ ಉದಾಹರಣೆ. ಮಧ್ಯ ಆಫ್ರಿಕಾದಲ್ಲಿ ತ್ಸೆತ್ಸೆ ನೊಣದಿಂದ ಬರುವ ರೋಗ ಇದು. ಮೆದುಳಿಗೆ ಮುಟ್ಟಿದ ಹಂತದಲ್ಲಿ ದಶಕಗಳ ಕಾಲ ಕೊಡುತ್ತಿದ್ದ ಔಷಧ ಮೆಲಾರ್ಸೊಪ್ರೋಲ್. ಅದರಲ್ಲಿ ಆರ್ಸೆನಿಕ್ ಇತ್ತು. ರಕ್ತನಾಳಕ್ಕೆ ಚುಚ್ಚಿದಾಗ ಉರಿಯುತ್ತಿತ್ತು. ಚಿಕಿತ್ಸೆ ಪಡೆದ ಇಪ್ಪತ್ತು ಜನರಲ್ಲಿ ಸುಮಾರು ಒಬ್ಬರು ಔಷಧದಿಂದಲೇ ಸಾಯುತ್ತಿದ್ದರು. ಯಾರು ಬದುಕುತ್ತಾರೆ ಅಂತ ಗೊತ್ತಿಲ್ಲದೆ ಆ ಸೂಜಿ ಹಿಡಿದ ನರ್ಸ್‌ಗಳ ಮನಸ್ಸು ಏನಾಗಿರಬೇಕು! 1999ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ಎಂಎಸ್‌ಎಫ್ ಆ ಹಣವನ್ನು ಇಂಥ ಕಡೆಗಣಿಸಿದ ರೋಗಗಳ ಕೆಲಸಕ್ಕೆ ಇಟ್ಟಿತು. 2003ರಲ್ಲಿ ಭಾರತದ ಐಸಿಎಂಆರ್ ಸೇರಿದಂತೆ ಹಲವು ದೇಶಗಳ ಸಂಶೋಧನಾ ಸಂಸ್ಥೆಗಳ ಜೊತೆ ಕಡೆಗಣಿಸಿದ ರೋಗಗಳಿಗೆ ಔಷಧ ಹುಡುಕುವ ಡಿಎನ್‌ಡಿಐ ಅನ್ನುವ ಸಂಸ್ಥೆ ಹುಟ್ಟಿತು. ಅದರ ಕೆಲಸದಿಂದ ಬಂದ ನಿದ್ರಾರೋಗದ ಹೊಸ ಔಷಧ ಫೆಕ್ಸಿನಿಡಜೋಲ್‌ಗೆ 2018ರಲ್ಲಿ ಒಪ್ಪಿಗೆ ಸಿಕ್ಕಿತು. ಹತ್ತು ದಿನ ಮಾತ್ರೆ ನುಂಗಿದರೆ ಆಯಿತು. ಬೆನ್ನೆಲುಬಿಗೆ ಸೂಜಿ ಹಾಕಿ ನೀರು ತೆಗೆದು ನೋಡುವ ಪರೀಕ್ಷೆಯೂ ಬಹಳ ಜನರಿಗೆ ಬೇಡವಾಯಿತು. ತುರ್ತು ಚಿಕಿತ್ಸೆಗೆ ಹುಟ್ಟಿದ ಸಂಸ್ಥೆ ಔಷಧ ತಯಾರಿಕೆಗೆ ಯಾಕೆ ಕೈ ಹಾಕಬೇಕು ಅಂತ ಕೇಳಿದವರು ಇದ್ದರು. ಯಾಕೆ ಅಂದರೆ ಬೇರೆ ಯಾರೂ ಹಾಕಲಿಲ್ಲ.

ಇನ್ನು ಜನರ ವಿಷಯ. ಇದು ನನಗೆ ಎಲ್ಲಕ್ಕಿಂತ ಹತ್ತಿರದ್ದು. ಈ ಸಂಸ್ಥೆಗಳಲ್ಲಿ ಎರಡು ಪಟ್ಟಿ ಇರುತ್ತವೆ. ಒಂದು, ಬೇರೆ ದೇಶದಿಂದ ಬಂದವರು. ಇನ್ನೊಂದು, ಅದೇ ದೇಶದಲ್ಲಿ ನೇಮಕವಾದವರು. ಎಂಎಸ್‌ಎಫ್‌ನಂಥ ಸಂಸ್ಥೆಯಲ್ಲಿ ಹತ್ತರಲ್ಲಿ ಎಂಟಕ್ಕಿಂತ ಜಾಸ್ತಿ ಜನ ಎರಡನೆಯ ಪಟ್ಟಿಯವರು. ಸಂಬಳ ಬೇರೆ, ರಜೆ ಬೇರೆ, ಅಪಾಯ ಬಂದಾಗ ವಿಮಾನದಲ್ಲಿ ಸೀಟು ಸಿಗುವ ನಿಯಮವೂ ಬೇರೆ. ನಾನು ಎರಡೂ ಪಟ್ಟಿಯಲ್ಲಿ ಇದ್ದವಳು. ನನ್ನ ಕೆಲಸ ಹೆಚ್ಚುಕಡಿಮೆ ಅದೇ ಇತ್ತು. ಪಟ್ಟಿ ಬದಲಾದ ಮೇಲೆ ಮೀಟಿಂಗ್‌ನಲ್ಲಿ ನನ್ನ ಮಾತು ಕೇಳುವವರು ಜಾಸ್ತಿಯಾದರು. ಹಿಂದೆಯೂ ಅದೇ ಮಾತು ಹೇಳಿದ್ದೆ.

2015ರ ಅಕ್ಟೋಬರ್ 3ರಂದು ಅಫ್ಘಾನಿಸ್ತಾನದ ಕುಂದುಜ್‌ನಲ್ಲಿ ಎಂಎಸ್‌ಎಫ್ ಆಸ್ಪತ್ರೆಯ ಮೇಲೆ ಅಮೆರಿಕದ ವಿಮಾನ ದಾಳಿ ನಡೆಯಿತು. 42 ಜನ ಸತ್ತರು. ಅದರಲ್ಲಿ 14 ಜನ ಸಿಬ್ಬಂದಿ, ಎಲ್ಲರೂ ಅಫ್ಘನ್ನರು. ಅಂತರರಾಷ್ಟ್ರೀಯ ಸಂಸ್ಥೆ ಅಂದಾಗ ನಿಮ್ಮ ಕಣ್ಣಿಗೆ ಬರುವ ಮುಖ ಯಾವುದು, ನಿಜವಾಗಿ ಅಲ್ಲಿ ನಿಂತಿರುವ ಮುಖ ಯಾವುದು ಅಂತ ದಯವಿಟ್ಟು ಯೋಚಿಸಿ. 2016ರಲ್ಲಿ ಇಸ್ತಾಂಬುಲ್ ಸಮ್ಮೇಳನದಲ್ಲಿ ದೊಡ್ಡ ದಾನಿಗಳು ಮತ್ತು ಸಂಸ್ಥೆಗಳು ಮಾತು ಕೊಟ್ಟವು. 2020ರ ಹೊತ್ತಿಗೆ ಮಾನವೀಯ ನೆರವಿನ ನಾಲ್ಕನೇ ಒಂದು ಭಾಗ ಆದಷ್ಟು ನೇರವಾಗಿ ಆಯಾ ದೇಶದ, ಆಯಾ ಊರಿನ ಸಂಸ್ಥೆಗಳಿಗೆ ಹೋಗಬೇಕು ಅಂತ. 2020 ಬಂದು ಹೋಯಿತು. ಗುರಿ ಹತ್ತಿರವೂ ಬರಲಿಲ್ಲ. ಮಾತು ಕೊಟ್ಟವರು ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಆದರೆ ಹಣದ ಮೇಲಿನ ಹಿಡಿತ ಬಿಡುವುದು ಪ್ಯಾಂಪ್ಲೆಟ್ ಅಚ್ಚು ಹಾಕಿಸಿದಷ್ಟು ಸುಲಭ ಅಲ್ಲ.

ಆಮೇಲೆ 2025. ಜನವರಿ 20ರಂದು ಅಮೆರಿಕ, ಮರುಪರಿಶೀಲನೆ ಮಾಡುತ್ತೇವೆ ಅಂತ ಹೇಳಿ, ತನ್ನ ವಿದೇಶಿ ನೆರವನ್ನು ತಡೆಹಿಡಿಯಿತು. ಕೆಲವೇ ದಿನಗಳಲ್ಲಿ ಕೆಲಸ ನಿಲ್ಲಿಸಿ ಅನ್ನುವ ಆದೇಶಗಳು ಬಂದವು. ಜುಲೈ 1ರ ಹೊತ್ತಿಗೆ ಅಮೆರಿಕ ಸರ್ಕಾರದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್‌ನ ಕಾರ್ಯಕ್ರಮಗಳು ಮುಚ್ಚಿ, ಉಳಿದದ್ದು ವಿದೇಶಾಂಗ ಇಲಾಖೆಗೆ ಹೋಯಿತು. ಗೋದಾಮಿನಲ್ಲಿ ಔಷಧ ಇದೆ, ಲಾರಿ ಬಾಡಿಗೆ ಕೊಡುವ ಹಾಗಿಲ್ಲ. ಕ್ಲಿನಿಕ್ ಇದೆ, ನರ್ಸ್‌ಗೆ ಸಂಬಳ ಇಲ್ಲ. ಪರಿಚಯದ ಎಷ್ಟೋ ಜನ ಒಂದು ಇಮೇಲ್‌ನಲ್ಲಿ ಕೆಲಸ ಕಳಕೊಂಡರು. ನನಗೆ ಕೋಪ ಬಂತು, ಈಗಲೂ ಇದೆ. ಔಷಧ ನಿಂತರೆ ಎಚ್‌ಐವಿ ವೈರಸ್ ಕೆಲವೇ ವಾರಗಳಲ್ಲಿ ರಕ್ತದಲ್ಲಿ ಮತ್ತೆ ಏರುತ್ತದೆ. ಅದಕ್ಕೆ ಯಾವ ಸರ್ಕಾರದ ಮರುಪರಿಶೀಲನೆಯೂ ಗೊತ್ತಿಲ್ಲ.

ಆ ತಿಂಗಳುಗಳಲ್ಲಿ ನನ್ನ ಪ್ರಶ್ನೆಗೆ ಇನ್ನೊಂದು ಮುಖ ಕಂಡಿತು. ರೋಗಿಗಳೇ ನಡೆಸುವ ಗುಂಪು ಇದ್ದಲ್ಲಿ ಯಾರಿಗೆ ಮಾತ್ರೆ ಮುಗಿಯುತ್ತಿದೆ ಅಂತ ತಿಳಿಯುವುದಕ್ಕೆ ಕಂಪ್ಯೂಟರ್ ಬೇಕಾಗಲಿಲ್ಲ. ಔಷಧದ ಆರ್ಡರ್ ಅನ್ನು ಆಯಾ ದೇಶದ ಆರೋಗ್ಯ ಇಲಾಖೆಯೇ ಹಾಕುತ್ತಿದ್ದಲ್ಲಿ, ಹಣ ಕಡಿಮೆ ಆದರೂ ಆರ್ಡರ್ ಹಾಕಲು ಗೊತ್ತಿರುವ ಜನ ಉಳಿದಿದ್ದರು. ಎಲ್ಲವನ್ನೂ ನಾವೇ ಮಾಡುತ್ತಿದ್ದ ಕಡೆ, ನಮ್ಮ ಲ್ಯಾಪ್‌ಟಾಪ್ ಜೊತೆ ಲೆಕ್ಕವೂ ಹೊರಟುಹೋಯಿತು. ಚೆನ್ನಾಗಿ ನಡೆಯುತ್ತಿದ್ದ ಕಾರ್ಯಕ್ರಮಗಳೇ ಕೆಲವು ಕಡೆ ಹೀಗಾದವು. ಅವು ಚೆನ್ನಾಗಿ ನಡೆಯುತ್ತಿದ್ದುದಕ್ಕೆ ನಾವು ಕಾರಣ ಅಂತ ಹೆಮ್ಮೆ ಪಟ್ಟಿದ್ದೆವು.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: ಇಷ್ಟೆಲ್ಲ ಆದ ಮೇಲೆ ಈ ಕ್ಷೇತ್ರಕ್ಕೆ ಬರುವುದರಲ್ಲಿ ಅರ್ಥ ಇದೆಯಾ? ಇದೆ. ಗಿನಿ ಹುಳುವಿನ ರೋಗ ನೋಡಿ, ಕುಡಿಯುವ ನೀರಿನಿಂದ ಮೈಯೊಳಗೆ ಸೇರಿದ ಹುಳು ಚರ್ಮದಿಂದ ಹೊರಬರುವ ರೋಗ. 1986ರಲ್ಲಿ ವರ್ಷಕ್ಕೆ ಅಂದಾಜು 35 ಲಕ್ಷ ಜನರಿಗೆ ಬರುತ್ತಿತ್ತು. ಅಮೆರಿಕದ ಕಾರ್ಟರ್ ಸೆಂಟರ್ ಅನ್ನುವ ಸಂಸ್ಥೆ ಮತ್ತು ಆಯಾ ದೇಶಗಳ ಆರೋಗ್ಯ ಇಲಾಖೆಗಳು ಸೇರಿ ದುಡಿದವು. ಈಗ ವರ್ಷಕ್ಕೆ ಬೆರಳೆಣಿಕೆಯಷ್ಟು ಮನುಷ್ಯರಲ್ಲಿ ಮಾತ್ರ ಕಾಣುತ್ತದೆ. ಅದಕ್ಕೆ ಲಸಿಕೆ ಇಲ್ಲ, ಗುಣ ಮಾಡುವ ಮಾತ್ರೆಯೂ ಇಲ್ಲ. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸುವುದು, ಹುಳು ಹೊರಬರುತ್ತಿರುವವರು ಕೆರೆಗೆ ಇಳಿಯದಂತೆ ನೋಡಿಕೊಳ್ಳುವುದು. ಊರೂರಲ್ಲಿ ಸ್ವಯಂಸೇವಕರು ವರ್ಷಗಟ್ಟಲೆ ಇದನ್ನೇ ಮಾಡಿದರು. ಅಂಥ ಕೆಲಸದಲ್ಲಿ ಒಂದು ಪಾಲು ಸಿಕ್ಕರೆ ಬದುಕಿನಲ್ಲಿ ಇನ್ನೇನು ಬೇಕು!

ಇನ್ನೊಬ್ಬರು ಕೇಳಿದ್ದು ಹೆಚ್ಚು ನೇರವಾಗಿತ್ತು. ಸಂದರ್ಶನದಲ್ಲಿ ಕೊನೆಗೆ ನಿಮಗೇನಾದರೂ ಕೇಳುವುದಿದೆಯಾ ಅಂತಾರೆ, ಆಗ ಏನು ಕೇಳಲಿ? ನಾನು ಹೇಳಿದೆ: ನೀವು ಸೇರುವ ಕಾರ್ಯಕ್ರಮದಲ್ಲಿ ಔಷಧದ ಆರ್ಡರ್‌ಗೆ ಸಹಿ ಯಾರದ್ದು ಅಂತ ಕೇಳಿ. ಅಲ್ಲೇ ನೇಮಕವಾದವರಲ್ಲಿ ಎಷ್ಟು ಜನ ಕಾರ್ಯಕ್ರಮದ ಮುಖ್ಯಸ್ಥರಾಗಿದ್ದಾರೆ ಅಂತ ಕೇಳಿ. ಕಾರ್ಯಕ್ರಮ ಮುಗಿದ ಮೇಲೆ ಅದನ್ನು ಯಾರಿಗೆ ಒಪ್ಪಿಸುತ್ತೀರಿ, ಅವರ ಜೊತೆ ಆ ಮಾತು ಶುರುವಾಗಿದೆಯಾ ಅಂತಲೂ ಕೇಳಿ. ಒಳ್ಳೆಯ ಸಂಸ್ಥೆಗಳಲ್ಲಿ ಈ ಪ್ರಶ್ನೆಗಳಿಂದ ಯಾರಿಗೂ ಬೇಜಾರಾಗುವುದಿಲ್ಲ. ನಾನು ಸಂದರ್ಶನ ಮಾಡುವ ಕಡೆ ಕೂತಾಗ ಇವನ್ನು ಕೇಳಿದ ಹುಡುಗಿಯೊಬ್ಬಳನ್ನು ಆರಿಸಿದ್ದೆವು. ಈಗ ಅವಳು ತನ್ನ ದೇಶದ ಆರೋಗ್ಯ ಇಲಾಖೆಯಲ್ಲಿದ್ದಾಳೆ. ಔಷಧದ ಆರ್ಡರ್‌ಗೆ ಸಹಿ ಹಾಕುವುದು ಅವಳೇ.